ತಾರಸಿ ಮಲ್ಲಿಗೆಗೆ ಹಿಂಡಿ ನೀರು: ನನ್ನ ಅನುಭವ

ಚಟ್ಟಿಯ (ಕುಂಡದ) ಮಲ್ಲಿಗೆಗೆ ನೆಲಗಡಲೆ ಹಿಂಡಿಯ ನೀರು ಹಾಕಿದರೆ ಗಿಡ ಸುಟ್ಟುಹೋಗುತ್ತದೆ ಎಂದು ನನಗೆ ಹೇಳದವರಿಲ್ಲ. ನರ್ಸರಿಯವರು ಹೇಳಿದರು, ಪಕ್ಕದ ಮನೆಯ ಬಾಯಮ್ಮ ಹೇಳಿದರು, ಉಡುಪಿ ಜಿಲ್ಲೆಯ ಶಿರ್ವದ ಕಡೆ ಮಲ್ಲಿಗೆ ಮಾಡಿಯೇ ಮಕ್ಕಳನ್ನು ಓದಿಸಿದ ನನ್ನ ಅತ್ತೆಯೂ ಹೇಳಿದರು. ತಾರಸಿಗೆ ಪ್ಯಾಕೆಟಿನ 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ರಾಸಾಯನಿಕ ಗೊಬ್ಬರ) ಒಂದೇ ದಾರಿ ಎಂಬುದು ಎಲ್ಲರ ತೀರ್ಮಾನ. ಮಂಗಳೂರಿನ ಬೆಜೈಯ ನಮ್ಮ ತಾರಸಿಯಲ್ಲಿ ಈಗ 40ರಷ್ಟು ಚಟ್ಟಿಗಳಿವೆ. ಎರಡು ವರ್ಷಗಳಿಂದ ಅವುಗಳಿಗೆ ಒಂದು ಚಿಟಿಕೆ ಪ್ಯಾಕೆಟ್ ಗೊಬ್ಬರವೂ ಬಿದ್ದಿಲ್ಲ. ಕಳೆದ ಬೇಸಗೆಯಲ್ಲಿ ಕೆಲವು ದಿನ ಒಂದು ಅಟ್ಟೆಗೆ ಸ್ವಲ್ಪವೇ ಕಡಿಮೆ ಹೂವು ಕೊಯ್ದಿದ್ದೇನೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಚೆಂಡಿಗೆ 800 ಹೂವು. ಮಲ್ಲಿಗೆ ಮಾಡಿದವರು ಇದನ್ನು 40 ಚಟ್ಟಿಗಳಿಂದ ಭಾಗಿಸಿ ನೋಡಲಿ.

ಹಿಂಡಿಯಿಂದ ಗಿಡ ಸಾಯುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಸತ್ತದ್ದನ್ನು ಅವರೂ ನೋಡಿದ್ದಾರೆ, ನಾನೂ ನೋಡಿದ್ದೇನೆ. ಆದರೆ ಸಾಯಿಸುವುದು ಹಿಂಡಿಯ ನೀರಲ್ಲ, ಅದರ ಗಸಿ, ಅಂದರೆ ಸೋಸಿದಾಗ ಉಳಿಯುವ ಚರಟ. ಇದು ಅರ್ಥವಾಗಲು ನನಗೆ ಎರಡು ಮಳೆಗಾಲ ಬೇಕಾಯಿತು, ಹನ್ನೆರಡು ಹದಿಮೂರು ಗಿಡ ಹೋದವು.

ಮೊದಲ ಸುಳಿವು ಸಿಕ್ಕಿದ್ದು ಮಳೆಯಿಂದ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇರು ಕೊಳೆಯಬಾರದೆಂದು ಅರ್ಧದಷ್ಟು ಚಟ್ಟಿಗಳನ್ನು ಪಾರದರ್ಶಕ ಶೀಟಿನ ಮಾಡಿನ ಕೆಳಗೆ ಇಟ್ಟೆ, ಉಳಿದವು ಬಯಲಲ್ಲೇ ಇದ್ದವು. ಗೊಬ್ಬರ ಎರಡಕ್ಕೂ ಒಂದೇ, ಅಳತೆಯೂ ಒಂದೇ. ಆಟಿ (ಜುಲೈ–ಆಗಸ್ಟಿನ ತುಳು ತಿಂಗಳು) ಮುಗಿಯುವಷ್ಟರಲ್ಲಿ ಬಯಲಿನ ಗಿಡಗಳು ಹಳದಿಯಾಗಿ ಬಡಕಲಾಗಿ ನಿಂತಿದ್ದವು. ಮಾಡಿನ ಕೆಳಗಿನವು ಕಪ್ಪು ಹಸಿರು, ದಪ್ಪ ಎಲೆ, ಉದ್ದ ಚಿಗುರು. ನೋಡಿದವರೆಲ್ಲ ಹೊಗಳಿದರು. ಅತ್ತೆ ಮಾತ್ರ ಎಲೆ ಮುಟ್ಟಿ ನೋಡಿ, "ಬಾಣಂತಿಗೂ ಇಷ್ಟು ತಿನ್ನಿಸುವುದಿಲ್ಲ ಮಾರಾಯ್ತಿ, ಇದರಲ್ಲಿ ಹೂವು ಎಲ್ಲಿದೆ?" ಎಂದರು. ಮೊಗ್ಗು ಒಂದೂ ಇರಲಿಲ್ಲ. ಹದಿನೈದು ದಿನಗಳಲ್ಲಿ ಆ ಚಂದದ ಎಲೆಗಳ ತುದಿ ಕೆಳಕ್ಕೆ ಮುದುಡಿತು, ಅಂಚು ಕಂದಾಯಿತು, ಮಣ್ಣು ಒದ್ದೆಯಿದ್ದರೂ ಗಿಡ ಬಾಡಿತು. ಮೇಲ್ಮಣ್ಣಿನ ಮೇಲೆ, ಚಟ್ಟಿಯ ಕಂಠದ ಸುತ್ತ ಬಿಳಿಯ ಪದರ ಕಟ್ಟಿತ್ತು. ಬೆರಳಿನಿಂದ ಕೆರೆದರೆ ಉಪ್ಪಿನ ಹುಡಿಯೇ ಉದುರುತ್ತಿತ್ತು.

ಬಯಲಿನ ಚಟ್ಟಿಗಳಿಗೆ ಹಾಕಿದ್ದನ್ನು ಮಳೆ ತೊಳೆದುಕೊಂಡು ಹೋಗುತ್ತಿತ್ತು. ಮಾಡಿನ ಕೆಳಗೆ ತೊಳೆಯುವವರು ಯಾರೂ ಇರಲಿಲ್ಲ. ಅತ್ತೆಯ ಊರಿನಲ್ಲಿ ಹಿಡಿ ಹಿಡಿ ಹಿಂಡಿಯನ್ನು ಬುಡಕ್ಕೇ ಹಾಕುತ್ತಾರೆ, ಏನೂ ಆಗುವುದಿಲ್ಲ. ಅಲ್ಲಿ ಬೇರಿಗೆ ಓಡಲು ಜಾಗವಿದೆ, ನಮ್ಮ ಚಟ್ಟಿಯಲ್ಲಿರುವುದು 15–20 ಲೀಟರ್ ಮಣ್ಣು. ಬೇಡದ್ದನ್ನು ತೊಳೆದು ಹೊರಹಾಕುವ ವ್ಯವಸ್ಥೆಯಿದ್ದರೆ ಚಟ್ಟಿಗೂ ಧಾರಾಳವಾಗಿ ಉಣಿಸಬಹುದು ಎಂದು ಆಗಲೇ ನನಗೆ ಅನ್ನಿಸಿತು.

ಗಿಡ ಎಷ್ಟು ತಡೆಯುತ್ತದೆ ಎಂದು ತಿಳಿಯದೆ ಅಳತೆ ಹೇಳಲು ಬರುವುದಿಲ್ಲ. ಆದ್ದರಿಂದ ನಾಲ್ಕು ಚಟ್ಟಿಗಳನ್ನು ಬೇರೆಯಿಟ್ಟು ಬೇಕೆಂದೇ ಅತಿಯಾಗಿ ಉಣಿಸಿದೆ. ಎರಡಕ್ಕೆ ಒಣ ಹಿಂಡಿ, ಚಟ್ಟಿಗೆ ಸುಮಾರು 100 ಗ್ರಾಂ. ಇನ್ನೆರಡಕ್ಕೆ ಅಷ್ಟೇ ಹಿಂಡಿಯನ್ನು ಕೊಳೆಸಿ ಸೋಸಿದ ನೀರು, ಮೂರು ಕಂತುಗಳಲ್ಲಿ. ಸೋಸಿದ ನೀರಿನವು ಬೇಗನೆ ತುದಿ ಸುಟ್ಟುಕೊಂಡವು. ಬಕೆಟ್ಟುಗಟ್ಟಲೆ ಬರಿಯ ನೀರು ಹೊಯ್ದು ತೊಳೆದ ಮೇಲೆ ಹೊಸ ಚಿಗುರು ಶುದ್ಧವಾಗಿ ಬಂತು. ಒಣ ಹಿಂಡಿಯವು ವಾರವಿಡೀ ಲಕಲಕ ಎನ್ನುತ್ತಿದ್ದವು, ಆಮೇಲೆ ಶುರುವಾಯಿತು. ತೊಳೆದೆ, ಸುಧಾರಿಸಿದವು, ಮತ್ತೆ ಸುಟ್ಟವು. ಪುನಃ ತೊಳೆದೆ, ಪುನಃ ಅದೇ. ಮಣ್ಣಿನಲ್ಲಿ ಉಳಿದ ಹಿಂಡಿ ಕೊಳೆಯುತ್ತಲೇ ಇರುತ್ತದೆ, ನಾವು ತೊಳೆದಷ್ಟನ್ನು ಅದು ಮತ್ತೆ ಬಿಡುತ್ತದೆ. ಯೂರಿಯಾ ಹೆಚ್ಚಾದರೆ ಒಮ್ಮೆ ತೊಳೆದರೆ ಹೋಗುತ್ತದೆ, ಸಾವಯವದ ಅತಿ ಹಾಗಲ್ಲ. ಕೊನೆಗೆ ಎರಡು ಇಂಚು ಮೇಲ್ಮಣ್ಣು ಕೆರೆದು ತೆಗೆದು ಸುಡುಮಣ್ಣು ತುಂಬಿದಾಗ ಒಂದು ಬದುಕಿತು, ಇನ್ನೊಂದು ಹೋಯಿತು. ಸಾವಯವ ಎಷ್ಟು ಹಾಕಿದರೂ ಹಾನಿಯಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ನಾನು ಮಾಡುವುದು ಹೀಗೆ. ವಾರಕ್ಕೆ 400 ಗ್ರಾಂ ನೆಲಗಡಲೆ ಹಿಂಡಿ, ನಾಲ್ಕು ಲೀಟರ್ ನೀರು, ಒಂದು ತುಂಡು ಬೆಲ್ಲ, ಜೊತೆಗೆ ಒಂದು ಮುಷ್ಟಿ ಇನ್ನೊಂದು ವಸ್ತು. ಅದೇನೆಂದು ಇಲ್ಲಿ ಹೇಳುವುದಿಲ್ಲ. ವಾಸನೆ ಅರ್ಧಕ್ಕರ್ಧ ಇಳಿಯುವುದು ಅದರಿಂದಲೇ, ಅದನ್ನು ಕಂಡುಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಐದಾರು ದಿನ ದಿನಕ್ಕೆರಡು ಸಲ ಕೋಲಿನಿಂದ ಕದಡಬೇಕು. ಕದಡದಿದ್ದರೆ ತಳದಲ್ಲಿ ಗಾಳಿಯಿಲ್ಲದೆ ಹಳಸಿ ಕಣ್ಣಿಗೆ ಚುಚ್ಚುವ ಅಮೋನಿಯಾ ಏಳುತ್ತದೆ. ಅಂಥದ್ದನ್ನು ಚಟ್ಟಿಗೆ ಹಾಕಬೇಡಿ, ಎಷ್ಟು ತೆಳುಮಾಡಿದರೂ ಬೇಡ. ಹಳೆಯ ಬೈರಾಸನ್ನು (ಹೆಗಲ ವಸ್ತ್ರ) ಎರಡು ಮಡಿಕೆ ಮಾಡಿ ಸೋಸುತ್ತೇನೆ. ಗಸಿ ಪೂರ್ತಿ ತೆಂಗಿನ ಬುಡಕ್ಕೆ. ಸೋಸಿದ ನೀರಿಗೆ 20 ಪಾಲು ನೀರು ಬೆರೆಸಿ, ವಾರಕ್ಕೆರಡು ಸಲ, ಚಟ್ಟಿಗೆ ಒಂದೊಂದು ಲೀಟರ್.

ವಾರಕ್ಕೆರಡು ಸಲ ಎಂದಾಗಲೇ ಎಲ್ಲರೂ ಹುಬ್ಬೇರಿಸುವುದು. ತಿಂಗಳಿಗೊಮ್ಮೆ ಗಟ್ಟಿಯಾಗಿ ಕೊಡುವುದೇ ರೂಢಿ. ನನ್ನ ಧೈರ್ಯಕ್ಕೆ ಕಾರಣ ಚಟ್ಟಿಯ ತೂತಿನಿಂದ ಸೋರುವ ನೀರು. ಕುಡಿಯುವ ನೀರು ನೋಡಲು ತಂದಿದ್ದ, ನೀರಿನಲ್ಲಿ ಕರಗಿದ ಲವಣ ತೋರಿಸುವ ಸಣ್ಣ ಟಿಡಿಎಸ್ ಮೀಟರ್ ಒಂದು ಮನೆಯಲ್ಲಿತ್ತು, 300 ರೂಪಾಯಿಯೋ ಏನೋ ಕೊಟ್ಟ ನೆನಪು. ನಮ್ಮ ನಲ್ಲಿ ನೀರಿನಲ್ಲಿ ಅದು 100ರ ಒಳಗೇ ತೋರಿಸುತ್ತದೆ. ಸೋರಿದ ನೀರನ್ನು ತಟ್ಟೆಯಲ್ಲಿ ಹಿಡಿದು ಅದರಲ್ಲಿ ಅದ್ದುತ್ತೇನೆ. 800 ಪಿಪಿಎಂ (ಲೀಟರಿಗೆ ಮಿಲಿಗ್ರಾಂ ಲೆಕ್ಕ) ಒಳಗಿದ್ದರೆ ಪೂರ್ಣ ಊಟ. 800ರಿಂದ 1,200ರ ನಡುವೆ ಅರ್ಧ. ಅದರ ಮೇಲೆ ಹೋದರೆ ಹಿಂಡಿ ನಿಲ್ಲಿಸಿ ಬರಿಯ ನೀರು. 1,500 ದಾಟಿದ ಚಟ್ಟಿಯಲ್ಲಿ ತುದಿ ಸುಡದೆ ಉಳಿದ ಗಿಡವನ್ನು ನಾನು ಕಂಡಿಲ್ಲ. ತೊಳೆಯುವುದೆಂದರೆ ಚಟ್ಟಿಯ ಎರಡು ಪಟ್ಟು ನೀರನ್ನಾದರೂ ನಿಧಾನವಾಗಿ ಇಳಿಸಬೇಕು. ಕೊಳೆಯದೆ ಉಳಿದದ್ದನ್ನು ಈ ಮೀಟರ್ ತೋರಿಸುವುದಿಲ್ಲ. ಅದಕ್ಕಾಗಿಯೇ ಸೋಸುವುದರಲ್ಲಿ ನಾನು ಅಷ್ಟು ಕಟ್ಟುನಿಟ್ಟು.

ಬೂದಿಯ ವಿಷಯ ಹೇಳಲೇಬೇಕು. ನಮ್ಮ ಕಡೆಯ ಕೆಂಪು ಮಣ್ಣು ಹುಳಿ, ಆದ್ದರಿಂದ ಬೂದಿ ಒಳ್ಳೆಯದು ಎಂಬುದು ಸರಿ. ಪೊಟ್ಯಾಷ್ ಕೂಡ ಸಿಗುತ್ತದೆ. ಆದರೆ ಕೆಲಸ ಉಳಿಯಲೆಂದು ಅದನ್ನು ಹಿಂಡಿ ನೀರಿಗೇ ಬೆರೆಸುವವರಿದ್ದಾರೆ. ಒಂದು ಲೋಟ ಹಿಂಡಿ ನೀರಿಗೆ ಒಂದು ಚಮಚ ಬೂದಿ ಹಾಕಿ ಕದಡಿ ಮೂಗಿನ ಹತ್ತಿರ ತನ್ನಿ. ಕ್ಷಣದಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಬೂದಿಯ ಕ್ಷಾರ ಸಾರಜನಕವನ್ನು ಅಮೋನಿಯಾ ಮಾಡಿ ಗಾಳಿಗೆ ಹಾರಿಸುತ್ತದೆ. ಬೇರಿಗೂ ಪೆಟ್ಟು, ದುಡ್ಡೂ ಗಾಳಿಪಾಲು. ಎರಡರ ನಡುವೆ ಒಂದು ವಾರವಾದರೂ ಅಂತರವಿರಲಿ.

ಮೀನಿನ ಪ್ರಯೋಗವನ್ನೂ ಮಾಡಿದೆ. ಬೂತಾಯಿ ಮೀನು ಅಗ್ಗವಿದ್ದ ದಿನಗಳಲ್ಲಿ ತಲೆ, ಕರುಳುಗಳನ್ನು ಸಮತೂಕದ ಬೆಲ್ಲದೊಂದಿಗೆ ಭರಣಿಯಲ್ಲಿಟ್ಟು ತಿಂಗಳು ಬಿಟ್ಟರೆ ಜೇನಿನ ಬಣ್ಣದ ದ್ರವ ಬರುತ್ತದೆ. ಲೀಟರಿಗೆ ಎರಡು ಮಿಲಿಲೀಟರ್ ಸಾಕು. ಚಿಗುರಿಗೆ ಅದರಷ್ಟು ಒಳ್ಳೆಯದು ಬೇರೆ ಕಂಡಿಲ್ಲ. ಆದರೆ ಬೆಲ್ಲದ ಖರ್ಚು ಹೆಚ್ಚು, ಬೆಕ್ಕು ಹೆಗ್ಗಣಗಳು ಚಟ್ಟಿ ಕೆದಕುವುದು ಇನ್ನೂ ಹೆಚ್ಚು. ಮಲ್ಲಿಗೆಗೆ ಬಿಟ್ಟೆ, ಬಸಳೆಗೆ ಉಳಿಸಿಕೊಂಡೆ. ಬಸಳೆಗೆ ಅತಿ ಎನ್ನುವುದು ಇದ್ದಂತಿಲ್ಲ. ಮಲ್ಲಿಗೆ ಚಟ್ಟಿ ತೊಳೆದ ನೀರೆಲ್ಲ ಒಂದು ಓರೆ ಪೈಪಿನಲ್ಲಿ ಹರಿದು ಬಸಳೆಯ ಬುಡಕ್ಕೇ ಹೋಗುತ್ತದೆ, ಅದರ ಎಲೆ ಅಂಗೈ ಮೀರುತ್ತದೆ. ಕುಚ್ಚಲಕ್ಕಿಯ ಗಂಜಿ ತಿಳಿಯನ್ನೂ ಚಟ್ಟಿಗೆ ಹಾಕಿ ನೋಡಿದೆ. ಸಣ್ಣ ನೊಣಗಳು ಬಂದವು, ಬೇರೇನೂ ಆಗಲಿಲ್ಲ.

ಈ ವಿಧಾನಕ್ಕೆ ನೀರು ಬೇಕು, ಅದೇ ಇದರ ತೊಡಕು. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ತಗ್ಗಿ 2016 ಮತ್ತು 2019ರ ಬೇಸಗೆಗಳಲ್ಲಿ ಊರಿಗೆ ಸರದಿಯ ಮೇಲೆ ನೀರು ಬಿಟ್ಟದ್ದು ಇಲ್ಲಿಯವರಿಗೆ ನೆನಪಿರಬಹುದು. ಹೂವು ಹೆಚ್ಚು ಬರುವುದೂ ಆ ತಿಂಗಳುಗಳಲ್ಲೇ. ತೊಳೆಯಲು ನೀರಿಲ್ಲದಿದ್ದರೆ ಉಣಿಸುವುದನ್ನೂ ಕಾಲು ಪಾಲಿಗೆ ಇಳಿಸಬೇಕು. ಹೂವು ಕಡಿಮೆಯಾಗಲಿ, ಗಿಡ ಉಳಿಯಲಿ. ಕಡಲ ಬದಿಯ ಬಾವಿ ನೀರು ಬೇಸಗೆಯಲ್ಲಿ ಉಪ್ಪಾಗುವ ಮನೆಗಳವರಂತೂ ಆ ನೀರಿನಲ್ಲಿ ತೊಳೆಯಲೇ ಬಾರದು, ಉಪ್ಪಿಗೆ ಉಪ್ಪೇ ಸೇರುತ್ತದೆ.

ಇನ್ನು ದುಡ್ಡು. ಹಿಂಡಿಗೆ ತಿಂಗಳಿಗೆ 110–120 ರೂಪಾಯಿ, ಬೆಲ್ಲಕ್ಕೆ ಇಪ್ಪತ್ತೋ ಮೂವತ್ತೋ. ಪ್ಯಾಕೆಟ್ ಗೊಬ್ಬರ, ಮೊಗ್ಗು ಬರಿಸುವ ಔಷಧಿ ಎಂದು ಮೊದಲು ಹೋಗುತ್ತಿದ್ದುದು 600ಕ್ಕೂ ಮೇಲೆ. ಹೂವಿನ ದರ ನಮ್ಮ ಕೈಯಲ್ಲಿಲ್ಲ. ಶುಭಕಾರ್ಯವಿಲ್ಲದ ಆಟಿಯಲ್ಲಿ ಕೇಳುವವರಿರುವುದಿಲ್ಲ, ಚಳಿಯಲ್ಲಿ ಹೂವು ಕಡಿಮೆಯಾಗಿ ಮದುವೆ, ಭೂತದ ನೇಮ ಒಟ್ಟಿಗೆ ಬಂದರೆ ಅಟ್ಟೆಗೆ 2,000 ದಾಟುವುದೂ ಉಂಟು. ನನಗೆ ಒಳ್ಳೆಯ ತಿಂಗಳಲ್ಲಿ ಎಂಟೊಂಬತ್ತು ಸಾವಿರ ಸಿಗುತ್ತದೆ, ಕೆಟ್ಟ ತಿಂಗಳಲ್ಲಿ ಸಾವಿರವೂ ಇಲ್ಲ. ಹೋದ ಡಿಸೆಂಬರಿನಲ್ಲಿ ದಿನಕ್ಕೆ ಒಂದು ಚೆಂಡಿನ ಆಸುಪಾಸು ತಪ್ಪದೆ ಬಂತು. ಅದಕ್ಕೆ ಕಾರಣ ಸವರಿದ ಸಮಯ, ಎಲೆ ಕಿತ್ತ ರೀತಿ. ಆ ಲೆಕ್ಕವನ್ನು ಇನ್ನೊಂದು ಚಳಿಗಾಲ ನೋಡಿ ಖಚಿತವಾದ ಮೇಲೆ ಬರೆಯುತ್ತೇನೆ.

ಬಾಯಮ್ಮ ಈಗ ಹತ್ತು ಚಟ್ಟಿಗಳಿಗೆ ಇದನ್ನೇ ಮಾಡುತ್ತಿದ್ದಾರೆ, ಮೀಟರ್ ಮಾತ್ರ ನನ್ನದು. ಅತ್ತೆ ಊರಿನಿಂದ ಬಂದಾಗ ತಾವೇ ತಟ್ಟೆ ಹಿಡಿದು ನಂಬರು ಓದುತ್ತಾರೆ. ಈ ಮಳೆಗಾಲಕ್ಕೆ ಬಯಲಿನ ಚಟ್ಟಿಗಳಿಗೂ ಮಾಡು ಹಾಕಿಸಬೇಕೆಂದಿದ್ದೇನೆ. ಕಬ್ಬಿಣದ ಕೆಲಸದವರು 18 ಸಾವಿರ ಕೇಳಿದ್ದಾರೆ, 15ಕ್ಕೆ ಒಪ್ಪಿದರೆ ಮೇ ಕೊನೆಯೊಳಗೆ ಮುಗಿಸಬೇಕು.