ವಿಆರ್ ಆಡುವಾಗ ಪಿಸಿ ಆಫ್ ಆಗುತ್ತದೆಯೇ? ಬಿಚ್ಚುವ ಮೊದಲು ಇಷ್ಟು ನೋಡಿ

ಮೈಸೂರಿನ ಕುವೆಂಪುನಗರದಲ್ಲಿರುವ ನನ್ನ ಅಕ್ಕನ ಮಗ ಮೂರು ವಾರ ಫೋನಿನಲ್ಲಿ ಒಂದೇ ರಾಗ ಹಾಡಿದ. ‘ಮಾಮ, ಮಾಮೂಲಿ ಗೇಮ್ ಎಷ್ಟು ಹೊತ್ತು ಆಡಿದ್ರೂ ಏನೂ ಆಗಲ್ಲ. ವಿಆರ್ ಹಾಕ್ಕೊಂಡ್ರೆ ಮಾತ್ರ ನಡೂಮಧ್ಯೆ ಟಪ್ ಅಂತ ಆಫ್!’ ವಿಆರ್ ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವರ್ಚುವಲ್ ರಿಯಾಲಿಟಿ. ಅಷ್ಟರಲ್ಲಾಗಲೇ ಅವನು ಗ್ರಾಫಿಕ್ಸ್ ಡ್ರೈವರನ್ನು ನಾಲ್ಕು ಸಲ ಬದಲಿಸಿದ್ದ, ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿದ್ದ. ನಾನೂ ಕಡಿಮೆಯೇನಲ್ಲ, ಇದು ಎಸ್‌ಎಂಪಿಎಸ್‌ದೇ (ಪಿಸಿಯ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿ) ತೊಂದರೆ ಎಂದು ತೀರ್ಪು ಕೊಟ್ಟು ಹೊಸದನ್ನು ಕೊಡಿಸಿದೆ. ಮಾರನೇ ದಿನವೇ ಪಿಸಿ ಮತ್ತೆ ಆಫ್. ಕೊನೆಗೆ ಕಾರಣ ಹಿಡಿದುಕೊಟ್ಟವರು ಅವನ ಅಜ್ಜಿ. ಆ ಕಥೆಗೆ ಆಮೇಲೆ ಬರುತ್ತೇನೆ.

ವಿಆರ್‌ನಲ್ಲೇ ಯಾಕೆ?

ಫುಲ್ ಎಚ್‌ಡಿ ಮಾನಿಟರಿನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್ಟಿನಲ್ಲಿ ಒಂದೊಂದು ಕಣ್ಣಿಗೆ 2064×2208, ಅಂದರೆ ಎರಡೂ ಸೇರಿ 91 ಲಕ್ಷ. ಇದು 4ಕೆ ಟಿವಿಗಿಂತಲೂ ಹೆಚ್ಚು. ಸಾಲದ್ದಕ್ಕೆ, ಲೆನ್ಸಿನಿಂದ ಆಗುವ ವಕ್ರತೆಯನ್ನು ಸರಿದೂಗಿಸಲು ಪರದೆಯಲ್ಲಿರುವುದಕ್ಕಿಂತ ದೊಡ್ಡ ಚಿತ್ರವನ್ನೇ ಬಿಡಿಸಬೇಕು. 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರದಂತೆ ಆಡುವಾಗ ಒಂದು ಫ್ರೇಮ್ ಮುಗಿಸಲು ಸಿಗುವುದು 11.1 ಮಿಲಿಸೆಕೆಂಡ್ ಮಾತ್ರ. ಯುಎಸ್‌ಬಿ ಕೇಬಲ್ ಅಥವಾ ವೈಫೈ ಮೂಲಕ ಆಡುವ ಹೆಡ್‌ಸೆಟ್ ಆದರೆ ಆ ಚಿತ್ರವನ್ನು ಬಿಡಿಸಿದ ಗ್ರಾಫಿಕ್ಸ್ ಕಾರ್ಡೇ ಅದನ್ನು ವಿಡಿಯೊ ಆಗಿ ಕುಗ್ಗಿಸಿ ಕಳಿಸಬೇಕು. ಪ್ರೊಸೆಸರ್, ಕಾರ್ಡ್, ರ‍್ಯಾಮ್, ಯುಎಸ್‌ಬಿ ಎಲ್ಲವೂ ಒಟ್ಟಿಗೆ ದುಡಿಯುವ ಹೊತ್ತು ಇದು. 60 ಹರ್ಟ್ಸ್ ಮಾನಿಟರಿನಲ್ಲಿ ಅರ್ಧ ನಿದ್ದೆಯಲ್ಲೇ ಕೆಲಸ ಮುಗಿಸುತ್ತಿದ್ದ ಕಾರ್ಡ್ ಇಲ್ಲಿ ಏದುಸಿರು ಬಿಡುತ್ತದೆ. ಹಾಗಾಗಿ ‘ಬೇರೆ ಗೇಮ್ ಚೆನ್ನಾಗಿ ಓಡುತ್ತೆ, ಹಾರ್ಡ್‌ವೇರ್ ಸರಿಯಾಗಿದೆ’ ಎನ್ನುವ ವಾದ ನಿಲ್ಲುವುದಿಲ್ಲ.

ಮೊದಲ ಕೆಲಸ: ಸತ್ತದ್ದು ಹೇಗೆ?

ಕ್ರ್ಯಾಶ್ ಅಂದರೆ ಒಂದೇ ಕಾಯಿಲೆಯಲ್ಲ. ಪಿಸಿ ಪೂರ್ತಿ ಆಫ್ ಆಯಿತೇ, ಅಥವಾ ತಾನಾಗಿ ರೀಸ್ಟಾರ್ಟ್ ಆಯಿತೇ? ಹಾಗಾದರೆ ಕರೆಂಟು ಅಥವಾ ಶಾಖದ ಕಡೆ ನೋಡಿ. ನೀಲಿ ಪರದೆ (ವಿಂಡೋಸ್ ಕೆಟ್ಟು ನಿಂತಾಗ ತೋರಿಸುವ ಸಂದೇಶ) ಬಂತೇ? ಡ್ರೈವರ್, ರ‍್ಯಾಮ್, ಪ್ರೊಸೆಸರ್ ಮೂರರ ಮೇಲೂ ಅನುಮಾನ. ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸಿದರೆ ಕಾರ್ಡ್ ಅಥವಾ ಅದರ ಡ್ರೈವರ್ ತಡವರಿಸಿರಬಹುದು. ವಿಂಡೋಸ್ ಗ್ರಾಫಿಕ್ಸ್ ಕಾರ್ಡಿಗೆ ಉತ್ತರ ಕೊಡಲು ಮಾಮೂಲಿಯಾಗಿ 2 ಸೆಕೆಂಡ್ ಗಡುವು ಕೊಡುತ್ತದೆ, ಅದು ಮೀರಿದರೆ ಡ್ರೈವರನ್ನೇ ಕೆಡವಿ ಎಬ್ಬಿಸುತ್ತದೆ. ಪಿಸಿ ನೆಟ್ಟಗಿದ್ದು ಹೆಡ್‌ಸೆಟ್ ಮಾತ್ರ ಕಪ್ಪಾದರೆ ಕೇಬಲ್, ಯುಎಸ್‌ಬಿ ಅಥವಾ ವೈಫೈ ಕಡೆ ನಡೆಯಿರಿ.

ತೊಡಕೇನೆಂದರೆ, ಇದೆಲ್ಲ ನಡೆಯುವಾಗ ನಿಮ್ಮ ಕಣ್ಣು ಕಿವಿ ಎರಡೂ ಹೆಡ್‌ಸೆಟ್ಟಿನೊಳಗಿರುತ್ತವೆ. ಅದನ್ನು ಕಿತ್ತು ನೋಡುವಷ್ಟರಲ್ಲಿ ನೀಲಿ ಪರದೆ ಬಂದು ಹೋಗಿರುತ್ತದೆ. ಆದ್ದರಿಂದ ಮಾನಿಟರ್ ಮತ್ತು ಕ್ಯಾಬಿನೆಟ್ ಎರಡೂ ಕಾಣುವ ಹಾಗೆ ಒಂದು ಮೊಬೈಲನ್ನು ಒರಗಿಸಿ ವಿಡಿಯೊ ರೆಕಾರ್ಡಿಂಗಿಗೆ ಇಟ್ಟು ಆಡಿ. ಪರದೆಯಲ್ಲಿ ಬಂದ ಸಂದೇಶ, ಫ್ಯಾನಿನ ಸದ್ದು, ಮಾನಿಟರಿನ ಪುಟ್ಟ ದೀಪ ಉರಿಯುತ್ತಿತ್ತೋ ಆರಿತೋ ಎಲ್ಲವೂ ಸಿಗುತ್ತದೆ. ದುಡ್ಡು ಖರ್ಚಿಲ್ಲದ ಈ ಉಪಾಯ ನಮಗೆ ಮೊದಲೇ ಹೊಳೆದಿದ್ದರೆ ಹೊಸ ಎಸ್‌ಎಂಪಿಎಸ್‌ನ ಖರ್ಚು ಉಳಿಯುತ್ತಿತ್ತು.

ಜೊತೆಗೆ ಒಂದು ಹಳೇ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಗಡಿಯಾರದ ಸಮಯ, ಯಾವ ಗೇಮ್, ಏನು ಬದಲಿಸಿದ್ದಿರಿ ಎಂದು ಒಂದೊಂದು ಸಾಲು ಬರೆದರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಮಾಡಿ ಸರಿಹೋದರೆ, ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ವಿಂಡೋಸ್ ಬರೆದಿಟ್ಟ ಡೈರಿ

ಸ್ಟಾರ್ಟ್ ಒತ್ತಿ ‘ಈವೆಂಟ್ ವ್ಯೂವರ್’ ಹುಡುಕಿ, ವಿಂಡೋಸ್ ಲಾಗ್ಸ್‌ನಲ್ಲಿ ‘ಸಿಸ್ಟಂ’ ತೆರೆಯಿರಿ. ಕ್ರ್ಯಾಶ್ ಆದ ನಿಮಿಷಕ್ಕೆ ಹೋದರೆ ಅಲ್ಲಿ ಕೆಂಪು ಗುರುತಿನ ‘ಕರ್ನಲ್-ಪವರ್ 41’ ಇರುವ ಸಾಧ್ಯತೆಯೇ ಹೆಚ್ಚು. ಅದನ್ನು ಕಂಡು ‘ಪವರ್ ಅಂತ ಬರೆದಿದೆ, ಎಸ್‌ಎಂಪಿಎಸ್ ಹೋಗಿದೆ’ ಎಂದು ಹಾರಬೇಡಿ (ನಾನು ಹಾರಿದ್ದು ಇಲ್ಲೇ). ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ನಿಂತಿತ್ತು ಎನ್ನುವುದಷ್ಟೇ ಅದರ ಅರ್ಥ. ಡಾಕ್ಟರು ಸಾವಿನ ಕಾರಣದ ಜಾಗದಲ್ಲಿ ‘ಉಸಿರು ನಿಂತಿತು’ ಎಂದು ಬರೆದ ಹಾಗೆ. ಅದರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ 0 ಇದ್ದರೆ ವಿಂಡೋಸಿಗೆ ಕೊನೆಯ ಮಾತಾಡಲೂ ಪುರಸೊತ್ತು ಸಿಕ್ಕಿಲ್ಲ ಎಂದರ್ಥ. ಕರೆಂಟು ಕಡಿತವೋ ಪೂರ್ತಿ ಹ್ಯಾಂಗೋ ಆಗಿರಬೇಕು. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು. ಆಗ ವಿಂಡೋಸ್ ಫೋಲ್ಡರಿನೊಳಗಿನ ‘ಮಿನಿಡಂಪ್’ನಲ್ಲಿ ಕಡತವಿರುತ್ತದೆ, ‘ಬ್ಲೂಸ್ಕ್ರೀನ್‌ವ್ಯೂ’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಓದಬಹುದು.

‘ವೀಯಾ-ಲಾಗರ್ 18’ ಕಂಡರೆ ಹಾರ್ಡ್‌ವೇರ್ ದೋಷ, ಬಹುತೇಕ ಪ್ರೊಸೆಸರ್ ಅಥವಾ ಅದರ ವೋಲ್ಟೇಜ್. ‘ಡಿಸ್‌ಪ್ಲೇ 4101’ ಅಂದರೆ ಆ 2 ಸೆಕೆಂಡಿನ ಗಡುವು ಮೀರಿದ್ದು. ಈ ಪಟ್ಟಿಗಳನ್ನು ನೋಡಿ ತಲೆ ತಿರುಗಿದರೆ ‘ರಿಲಯಬಿಲಿಟಿ ಹಿಸ್ಟರಿ’ ತೆರೆಯಿರಿ, ದಿನವಾರು ಕ್ಯಾಲೆಂಡರಿನಂತೆ ಕಾಣುತ್ತದೆ. ಅಲ್ಲಿ ‘ಲೈವ್‌ಕರ್ನಲ್‌ಈವೆಂಟ್ 141’ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಹ್ಯಾಂಗ್ ಆಗಿತ್ತು.

ಏರಿಸಿದ್ದನ್ನೆಲ್ಲ ಇಳಿಸಿ

ಪಿಸಿ ಆನ್ ಆದೊಡನೆ, ವಿಂಡೋಸಿಗೂ ಮುಂಚೆ ತೆರೆಯಬಹುದಾದ ಮೂಲ ಸೆಟ್ಟಿಂಗ್ಸ್ ಆದ ಬಯಾಸ್‌ಗೆ ಹೋಗಿ, ರ‍್ಯಾಮ್ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ. ರ‍್ಯಾಮ್ ಡಬ್ಬಿಯ ಮೇಲೆ ಅಚ್ಚಾಗಿರುವ ವೇಗ ಬಹಳ ಸಲ ಓವರ್‌ಕ್ಲಾಕ್‌ನದೇ (ಮಾಮೂಲಿ ಮಿತಿಗಿಂತ ಏರಿಸಿದ್ದು) ಎಂಬುದನ್ನು ನಾವು ಮರೆಯುತ್ತೇವೆ. ಕಾರ್ಡಿನ ಓವರ್‌ಕ್ಲಾಕ್ ಜೊತೆಗೆ ಅಂಡರ್‌ವೋಲ್ಟ್ ಮಾಡಿದ್ದರೆ ಅದನ್ನೂ ತೆಗೆಯಿರಿ. ‘ವೋಲ್ಟೇಜ್ ಕಡಿಮೆ ಮಾಡಿದ್ದೇನೆ, ಅದರಿಂದೇನು ತೊಂದರೆ?’ ಎನ್ನುವವರಿದ್ದಾರೆ. ಮಾನಿಟರಿನ ಗೇಮಿನಲ್ಲಿ ತಿಂಗಳುಗಟ್ಟಲೆ ನಿಂತ ಅಂಡರ್‌ವೋಲ್ಟ್ ವಿಆರ್‌ನಲ್ಲಿ ಹತ್ತು ನಿಮಿಷಕ್ಕೆ ಬೀಳಬಹುದು. ರಾತ್ರಿ ಮಲಗುವ ಮುನ್ನ ಪೆನ್‌ಡ್ರೈವಿನಿಂದ ‘ಮೆಮ್‌ಟೆಸ್ಟ್86’ ಹಾಕಿ ನಾಲ್ಕು ಸುತ್ತು ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ರ‍್ಯಾಮ್‌ನದ್ದೋ ಅದರ ವೇಗದ್ದೋ ತಪ್ಪು. ‘ಒಂದೇ ತಾನೆ’ ಎಂದು ಬಿಡಬೇಡಿ.

ಇಂಟೆಲ್ 13 ಅಥವಾ 14ನೇ ತಲೆಮಾರಿನ ಐ7, ಐ9 ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ಈ ಪ್ರೊಸೆಸರ್‌ಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಕ್ರಮೇಣ ಹಾಳಾಗುವ ಸಮಸ್ಯೆಯನ್ನು ಕಂಪನಿಯೇ ಒಪ್ಪಿಕೊಂಡು, 2024ರ ಆಗಸ್ಟ್‌ನಿಂದ ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳು) ಪರಿಹಾರಗಳನ್ನು ಬಯಾಸ್ ಅಪ್‌ಡೇಟ್ ಮೂಲಕ ಕೊಟ್ಟಿತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಕಾರ್ಡಿನಲ್ಲಿ ಮೆಮೊರಿ ಬೇಕಾದಷ್ಟಿದ್ದರೂ ‘ವಿಡಿಯೊ ಮೆಮೊರಿ ಸಾಲದು’ ಎಂದು ಗೇಮ್ ಮುಚ್ಚಿಕೊಳ್ಳುವುದು ಇದರ ಕುಖ್ಯಾತ ಲಕ್ಷಣ. ಅಪ್‌ಡೇಟ್ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಹಾಳಾದ ಪ್ರೊಸೆಸರನ್ನು ರಿಪೇರಿ ಮಾಡುವುದಿಲ್ಲ. ಅದಕ್ಕೆ ವಾರಂಟಿಯಲ್ಲಿ ಬದಲಿ ಪಡೆಯುವುದೇ ದಾರಿ.

ಕರೆಂಟು, ಮತ್ತು ಅಜ್ಜಿಯ ಮಾತು

ಪಿಸಿ ದಿಢೀರ್ ಆಫ್ ಆಗುವವರಿಗೆ ಒಂದು ಸುಲಭ ಪರೀಕ್ಷೆ ಇದೆ. ‘ಆಫ್ಟರ್‌ಬರ್ನರ್’ನಂಥ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ ಅನ್ನು 70 ಪರ್ಸೆಂಟಿಗೆ ಇಳಿಸಿ ಎರಡು ಮೂರು ದಿನ ಆಡಿ. ಕ್ರ್ಯಾಶ್ ನಿಂತರೆ ಕರೆಂಟು ಅಥವಾ ಶಾಖ, ಎರಡರಲ್ಲಿ ಒಂದು ಎಂದು ಸುಮಾರಾಗಿ ಖಚಿತ.

ಆಮೇಲೆ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು ಕ್ಯಾಬಿನೆಟ್ ತೆರೆಯಿರಿ. ಎಂಟು ಪಿನ್ನಿನ ಒಂದು ಕನೆಕ್ಟರಿಗೆ 150 ವಾಟ್ ಲೆಕ್ಕ. ಒಂದೇ ಕೇಬಲಿನ ತುದಿಯಲ್ಲಿ ಎರಡು ಬಾಯಿ ಮಾಡಿ ಎರಡನ್ನೂ ಕಾರ್ಡಿಗೆ ಸಿಕ್ಕಿಸಿದ್ದರೆ, ಆ ತಂತಿಯೊಂದೇ ಎಲ್ಲ ಭಾರ ಹೊರುತ್ತಿರುತ್ತದೆ. ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಹೊಸ ಕಾರ್ಡುಗಳ ಚಿಕ್ಕ 12 ವೋಲ್ಟ್ ಕನೆಕ್ಟರ್ ಕೊನೆಯವರೆಗೂ ಕೂತಿದೆಯೇ ನೋಡಿ. 2022ರಲ್ಲಿ ಕೆಲವು ಆರ್‌ಟಿಎಕ್ಸ್ 4090 ಕಾರ್ಡುಗಳ ಕನೆಕ್ಟರ್ ಕರಗಿದಾಗ, ಅರ್ಧಂಬರ್ಧ ಕೂತಿದ್ದುದೂ ಒಂದು ಕಾರಣವೆಂದು ಕಂಡುಬಂದಿತ್ತು. ಬೇರೆ ಕಂಪನಿಯ ಎಸ್‌ಎಂಪಿಎಸ್ ಕೇಬಲನ್ನು ಮಾತ್ರ ಎಂದೂ ಹಾಕಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಿದ್ದು ಎಲ್ಲವೂ ಸುಟ್ಟುಹೋಗಬಹುದು. ಎಸ್‌ಎಂಪಿಎಸ್‌ನ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ.

ವಾಟ್ ಲೆಕ್ಕದಲ್ಲೂ ಒಂದು ಕಳ್ಳದಾರಿ ಇದೆ. ಆರ್‌ಟಿಎಕ್ಸ್ 3080 ಕಾರ್ಡಿನ ಲೆಕ್ಕ 320 ವಾಟ್, ಆದರೆ ಅದು ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದೆ ಅದಕ್ಕಿಂತ ಬಹಳ ಮೇಲಕ್ಕೆ ಹಾರಿ ಇಳಿಯುತ್ತದೆ. ಹಳೆಯ ಎಸ್‌ಎಂಪಿಎಸ್‌ಗಳು ಇದನ್ನು ಅಪಾಯವೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತವೆ. 2022ರ ಎಟಿಎಕ್ಸ್ 3.0 ಮಾನದಂಡ ಇಂಥ ಜಿಗಿತಗಳನ್ನು ತಡೆದುಕೊಳ್ಳಬೇಕೆಂದೇ ಹೇಳುತ್ತದೆ. ಹೊಸದು ಕೊಳ್ಳುವುದಾದರೆ ಅದನ್ನು ಕೇಳಿ ಕೊಳ್ಳಿ.

ಇನ್ನು ಅಜ್ಜಿಯ ಕಥೆ. ನೋಟ್‌ಬುಕ್ಕಿನಲ್ಲಿ ವಾರದ ಲೆಕ್ಕ ತೆಗೆದಾಗ ಕ್ರ್ಯಾಶ್‌ಗಳೆಲ್ಲ ಸಂಜೆ ಏಳರ ಆಸುಪಾಸು. ಒಂದು ಭಾನುವಾರದ್ದು ಮಾತ್ರ ಬೆಳಿಗ್ಗೆ. ನಾನು ಮೈಸೂರಿಗೆ ಹೋಗಿ ಇದನ್ನೇ ಕೆದಕುತ್ತಾ ಕೂತಿದ್ದಾಗ ಅಡುಗೆಮನೆಯಿಂದ ಅಜ್ಜಿ ಅಂದರು, ‘ನಾನು ಮೋಟಾರ್ ಹಾಕಿದಾಗೆಲ್ಲ ಆ ನಿನ್ನ ಡಬ್ಬಿ ಕುಯ್ ಅನ್ನತ್ತೆ ಕಣೋ. ನೀನು ಕಣ್ಣಿಗೆ ಬುಟ್ಟಿ ಕಟ್ಟಿಕೊಂಡಿರ್ತೀಯ, ನಿಂಗೆಲ್ಲಿ ಕೇಳಿಸಬೇಕು.’

ಡಬ್ಬಿ ಅಂದರೆ ಮೇಜಿನ ಕೆಳಗಿನ ಯುಪಿಎಸ್. ಅದರ ಮೇಲೆ 600 ವಿಎ ಎಂದು ದೊಡ್ಡದಾಗಿ ಬರೆದಿತ್ತು. ಹಿಂಬದಿಯ ಸಣ್ಣ ಅಕ್ಷರದಲ್ಲಿದ್ದದ್ದು 360 ವಾಟ್. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರ್ ಶುರುವಾದ ಗಳಿಗೆಯಲ್ಲಿ ಮನೆಯ ವೋಲ್ಟೇಜ್ ಕುಸಿಯುತ್ತಿತ್ತು, ಯುಪಿಎಸ್ ಬ್ಯಾಟರಿಗೆ ಹೊರಳುತ್ತಿತ್ತು. ಮಾನಿಟರಿನಲ್ಲಿ ಆಡುವಾಗ ಪಿಸಿ ಎಳೆಯುತ್ತಿದ್ದುದು ಕಡಿಮೆ, ಹಾಗಾಗಿ ಹೊತ್ತುಕೊಳ್ಳುತ್ತಿತ್ತು. ವಿಆರ್‌ನಲ್ಲಿ 500 ವಾಟ್ ದಾಟಿದಾಗ ಒಮ್ಮೆ ಕಿರುಚಿ ಕೈಬಿಡುತ್ತಿತ್ತು. ವೋಲ್ಟೇಜ್ ಮರಳಿದೊಡನೆ ತಾನೇ ಮತ್ತೆ ಆನ್ ಆಗಿ ಏನೂ ಆಗದ ಹಾಗೆ ಹಸಿರು ದೀಪ ಉರಿಸುತ್ತಿತ್ತು. ಹೆಡ್‌ಸೆಟ್ ತೆಗೆದು ನೋಡಿದರೆ ಪಿಸಿ ಮಾತ್ರ ಸತ್ತಿರುತ್ತಿತ್ತು.

ನಿಮ್ಮಲ್ಲೂ ಯುಪಿಎಸ್ ಅಥವಾ ಇನ್ವರ್ಟರ್ ಇದ್ದರೆ ಅದರ ವಾಟ್ ಎಷ್ಟೆಂದು ನೋಡಿ, ವಿಎ ಅಲ್ಲ. ಒಂದು ವಾರ ಕ್ಯಾಬಿನೆಟ್ಟನ್ನು ನೇರವಾಗಿ ಗೋಡೆಯ 16 ಆಂಪ್ಸ್ ಪಾಯಿಂಟಿಗೆ ಹಾಕಿ ಆಡಿ. ಸ್ಪೈಕ್ ಬಸ್ಟರಿಗೆ ಇನ್ನೊಂದು ಸ್ಪೈಕ್ ಬಸ್ಟರ್ ಪೋಣಿಸಿದ್ದರೆ ಬಿಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವ ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲ. ಅದು ಗೇಮಿಗಿಂತ ದೊಡ್ಡ ವಿಷಯ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಶಾಖ, ಯುಎಸ್‌ಬಿ

ನಮ್ಮ ಕಡೆಯ ಕಂಪ್ಯೂಟರ್ ಟೇಬಲ್ಲುಗಳಲ್ಲಿ ಕ್ಯಾಬಿನೆಟ್ಟಿಗೆ ಒಂದು ಮರದ ಗೂಡು ಇರುತ್ತದಲ್ಲ, ಅಲ್ಲಿಂದ ಅದನ್ನು ಹೊರಗೆ ತೆಗೆಯುವುದೇ ಅರ್ಧ ಚಿಕಿತ್ಸೆ. ಧೂಳು ಊದಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ. ‘ಎಚ್‌ಡಬ್ಲ್ಯುಇನ್ಫೊ’ ಎಂಬ ತಂತ್ರಾಂಶ ಹಾಕಿ ಲಾಗ್ ಆನ್ ಮಾಡಿ ಆಡಿದರೆ ಕ್ರ್ಯಾಶ್‌ಗೆ ಮುಂಚಿನ ಸೆಕೆಂಡಿನವರೆಗೂ ತಾಪಮಾನ ದಾಖಲಾಗಿರುತ್ತದೆ. ಕಾರ್ಡಿನ ಸರಾಸರಿ ಅಂಕಿ ನೋಡಿ ಸಮಾಧಾನಪಡಬೇಡಿ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಮತ್ತು ಮೆಮೊರಿ ಜಂಕ್ಷನ್ (ಕಾರ್ಡಿನ ಮೆಮೊರಿಯ ಒಳಗಿನ ಬಿಸಿ) ನೋಡಿ. ಕೆಲವು ಕಾರ್ಡುಗಳಲ್ಲಿರುವ ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿ ಮುಟ್ಟಿದರೆ ಕಾರ್ಡ್ ವೇಗ ತಗ್ಗಿಸುತ್ತದೆ. ಜನವರಿಯಲ್ಲಿ ಸರಿಯಿದ್ದು ಏಪ್ರಿಲ್‌ನಲ್ಲಿ ಕೈಕೊಡುವ ಪಿಸಿಗಳ ಗುಟ್ಟು ಬಹುಪಾಲು ಇಲ್ಲೇ ಇರುತ್ತದೆ.

ಹೆಡ್‌ಸೆಟ್ ಮಾತ್ರ ಕಪ್ಪಾಗುವವರು ಕೇಬಲನ್ನು ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟಿಗೇ ಹಾಕಿ, ಹಬ್ ಬೇಡ, ಮುಂಬದಿಯೂ ಬೇಡ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್‌ನ ‘ಪವರ್ ಉಳಿಸಲು ಆಫ್ ಮಾಡು’ ಎಂಬರ್ಥದ ಟಿಕ್ ತೆಗೆಯಿರಿ. ಎಎಂಡಿ 500 ಸರಣಿಯ ಮದರ್‌ಬೋರ್ಡಿನಲ್ಲಿ ಹಳೇ ಬಯಾಸ್ ಇದ್ದರೆ ಅಪ್‌ಡೇಟ್ ಮಾಡಿ. ಯುಎಸ್‌ಬಿ ಆಗಾಗ ಕಡಿದುಹೋಗುವ ದೋಷಕ್ಕೆ 2021ರಲ್ಲೇ ಪರಿಹಾರ ಬಂದಿದೆ. ವೈಫೈನಲ್ಲಿ ಆಡುವವರು ಪಿಸಿಯನ್ನು ರೂಟರಿಗೆ ಲ್ಯಾನ್ ಕೇಬಲಿನಲ್ಲೇ ಜೋಡಿಸಿ.

ಡ್ರೈವರ್ ಕೊನೆಗೆ

ಎಲ್ಲರೂ ಮೊದಲು ಮಾಡುವುದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ. ಸೇಫ್ ಮೋಡಿನಲ್ಲಿ ‘ಡಿಡಿಯು’ ಎಂಬ ತಂತ್ರಾಂಶ ಓಡಿಸಿ ಹಳೇ ಡ್ರೈವರನ್ನು ಬೇರುಸಹಿತ ತೆಗೆದು ಒಂದೇ ಸಲ ಹೊಸದು ಹಾಕಿ. ಈಚಿನ ಡ್ರೈವರ್ ಬಂದ ಮೇಲೇ ಕಾಟ ಶುರುವಾಗಿದ್ದರೆ ಹಿಂದಿನದಕ್ಕೆ ಮರಳಿ. ಗೇಮನ್ನೂ ಹೆಡ್‌ಸೆಟ್ಟನ್ನೂ ಬೆಸೆಯುವ ಓಪನ್‌ಎಕ್ಸ್‌ಆರ್ ರನ್‌ಟೈಮ್ ಆಗಿ ಮೆಟಾದ್ದು, ಸ್ಟೀಮ್‌ವಿಆರ್‌ದು ಎರಡರಲ್ಲಿ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ, ಗೇಮಿನ ಮೇಲೆ ತೇಲುವ ಓವರ್‌ಲೇಗಳನ್ನೆಲ್ಲ ಮುಚ್ಚಿ. ಸ್ಟೀಮ್‌ವಿಆರ್‌ನಲ್ಲಿ ರೆಸಲ್ಯೂಶನ್ ಸ್ವಲ್ಪ ಇಳಿಸಿದಾಗ ಕ್ರ್ಯಾಶ್ ನಿಂತರೆ ಕಾರ್ಡಿನ ಮೆಮೊರಿ ತುಂಬುತ್ತಿರಬಹುದು. ಮೈಕ್ರೋಸಾಫ್ಟಿನ ವಿಆರ್ ವ್ಯವಸ್ಥೆಯಾದ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿಯ ಹೆಡ್‌ಸೆಟ್ ಇರುವವರಿಗೆ ಒಂದು ಕೆಟ್ಟ ಸುದ್ದಿ: ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತೆಗೆದೇಹಾಕಿದೆ. ಆ ಹೆಡ್‌ಸೆಟ್ ನಿಂತಿದ್ದರೆ ಅದು ನಿಮ್ಮ ಪಿಸಿಯ ತಪ್ಪಲ್ಲ.

ಇಷ್ಟಾದರೂ ಬಗ್ಗದಿದ್ದರೆ ಅಂಗಡಿಗೆ ಒಯ್ಯಬೇಕು. ಬೆಂಗಳೂರಿನ ಎಸ್.ಪಿ. ರೋಡಾಗಲಿ ನಿಮ್ಮೂರಿನ ಸರ್ವಿಸ್ ಸೆಂಟರಾಗಲಿ, ಪಿಸಿಯೊಂದನ್ನೇ ಕೊಟ್ಟು ಬಂದರೆ ಎರಡು ಗಂಟೆ ಆನ್ ಮಾಡಿಟ್ಟು ‘ಏನೂ ಪ್ರಾಬ್ಲಂ ಇಲ್ಲ ಸಾರ್’ ಎಂದು ವಾಪಸ್ ಕೊಡುತ್ತಾರೆ, ಅವರ ತಪ್ಪೂ ಅಲ್ಲ. ಹೆಡ್‌ಸೆಟ್ ಜೊತೆಗೊಯ್ಯಿರಿ, ಬಿಲ್ ಒಯ್ಯಿರಿ, ನೋಟ್‌ಬುಕ್ಕನ್ನೂ ಮೊಬೈಲಿನ ವಿಡಿಯೊವನ್ನೂ ತೋರಿಸಿ. ಅಲ್ಲೇ ನಿಂತು, ಯಾವ ಗೇಮಿನಲ್ಲಿ ಬೀಳುತ್ತದೋ ಅದನ್ನೇ ಹಾಕಿಸಿ ಆಡಿ. ಅಲ್ಲಿ ಒಮ್ಮೆಯೂ ಬೀಳದಿದ್ದರೆ ಪಿಸಿಯನ್ನು ಬಿಟ್ಟು ಮನೆಯ ಪ್ಲಗ್ ಪಾಯಿಂಟಿನ ಕಡೆ ನೋಡಿ.