ಕಾಲಿನ ನಾಡಿ ಕೇಳಲು ನಾನು ಕಲಿತದ್ದು

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ಜೇವರ್ಗಿ, ಆಳಂದ, ಅಫಜಲಪುರ ಕಡೆಯಿಂದ ಬರುವ ರೈತರೇ ಜಾಸ್ತಿ. "ನಡೆದ್ರ ಮೀನಖಂಡ ಹಿಡೀತಾವ್ರಿ ಸಾಹೇಬ್ರ, ಸ್ವಲ್ಪ ನಿಂತ್ರ ಬಿಡ್ತಾವ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಚಪ್ಪಲಿ ಬಿಚ್ಚಿಸಿ ಮಂಚದ ಮೇಲೆ ಮಲಗಿಸುತ್ತೇನೆ. ಇಂಥವರ ಕೈಯಲ್ಲಿ ಬಹಳ ಸಲ ಸೊಂಟದ ಎಕ್ಸ್‌ರೇ ಇರುತ್ತದೆ, ವರ್ಷಗಟ್ಟಲೆ ಎಣ್ಣೆ ತಿಕ್ಕಿ, ನೋವಿನ ಮಾತ್ರೆ ನುಂಗಿ ಬಂದಿರುತ್ತಾರೆ. ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿಂತರೆ ಸಾಕಾ, ಇಲ್ಲಾ ಕೂತು ಮುಂದಕ್ಕೆ ಬಾಗಬೇಕಾ? ನಿಂತಲ್ಲೇ ಕೆಲವು ನಿಮಿಷದಲ್ಲಿ ನೋವು ಇಳಿದರೆ ಕಾಲಿನ ರಕ್ತನಾಳ ಕಟ್ಟಿರಬಹುದು ಅಂತ ಅನುಮಾನ. ಬಾಗಿದರೆ ಮಾತ್ರ ಹಗುರ ಆಗುವುದಾದರೆ ಬೆನ್ನಿನ ನರದ ಕಡೆ ನೋಡಬೇಕು.

ಕಾಲಿನ ನಾಳ ಕಟ್ಟಿದೆಯಾ ಅಂತ ನೋಡಲು ಸೂಜಿ ಚುಚ್ಚಬೇಕಿಲ್ಲ, ರಕ್ತನಾಳದೊಳಗೆ ಔಷಧ ಹಾಕಿ ಫೋಟೊ ತೆಗೆಯುವುದೂ ಮೊದಲಿಗೆ ಬೇಕಿಲ್ಲ. ಬಿಪಿ ಪಟ್ಟಿ, ಸ್ವಲ್ಪ ಜೆಲ್, ರಕ್ತದ ಹರಿವನ್ನು ಶಬ್ದವಾಗಿ ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರ ಇದ್ದರೆ ಆಯಿತು. ಶುರುವಿನಲ್ಲಿ ನಾನು ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಕೇಳುವ ಡಾಪ್ಲರನ್ನೇ ಕಾಲಿಗೆ ಇಟ್ಟಿದ್ದೆ. ಗೊರಗೊರ ಬಿಟ್ಟು ಏನೂ ಕೇಳಲಿಲ್ಲ. ಅದು 2–3 ಮೆಗಾಹರ್ಟ್ಸ್‌ನದು, ಆಳಕ್ಕೆ ಹೋಗುವಂಥದ್ದು. ಪಾದದ ರಕ್ತನಾಳ ಚರ್ಮದ ಕೆಳಗೇ ಇರುತ್ತದೆ, ಅದಕ್ಕೆ 8 ಮೆಗಾಹರ್ಟ್ಸ್ ಪ್ರೋಬ್ (ಚರ್ಮಕ್ಕೆ ತಾಗಿಸುವ ಕಡ್ಡಿ) ಬೇಕು.

ಪರೀಕ್ಷೆಯ ಹೆಸರು ಆಂಕಲ್-ಬ್ರೇಕಿಯಲ್ ಇಂಡೆಕ್ಸ್, ಎಬಿಐ. ರೋಗಿ ಹತ್ತು ನಿಮಿಷ ಅಂಗಾತ ಮಲಗಿರಬೇಕು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದವರನ್ನು ಹಾಗೇ ಮಲಗಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ, ಬೀಡಿ ಸೇದಿ ಒಳಗೆ ಬಂದವರದ್ದೂ ಅಷ್ಟೇ. ಎರಡೂ ತೋಳಿನ ಒತ್ತಡ ಡಾಪ್ಲರಿನಲ್ಲೇ ನೋಡಿ ಜಾಸ್ತಿ ಇರುವುದನ್ನು ಇಟ್ಟುಕೊಳ್ಳುತ್ತೇನೆ. ಆಮೇಲೆ ಪಟ್ಟಿಯನ್ನು ಕಾಲಿನ ಗಿಣ್ಣಿನ ಸ್ವಲ್ಪ ಮೇಲೆ ಸುತ್ತಿ, ಒಳಗಿನ ಗಿಣ್ಣಿನ ಹಿಂದೆ ಒಂದು ನಾಡಿ, ಪಾದದ ಮೇಲೆ ಒಂದು ನಾಡಿ, ಎರಡನ್ನೂ ಹುಡುಕುತ್ತೇನೆ. ಪ್ರೋಬನ್ನು ಓರೆಯಾಗಿ, ಹೂವು ಮುಟ್ಟಿದ ಹಾಗೆ ಇಡಬೇಕು. ಪಾದದ ಮೇಲಿನ ನಾಳವನ್ನು ನಾವೇ ಒತ್ತಿ ಮುಚ್ಚಿ "ನಾಡಿ ಇಲ್ಲ" ಅಂದುಬಿಡುತ್ತೇವೆ, ನಾನೂ ಹಾಗೆ ಮಾಡಿದ್ದೇನೆ. ಕೆಲವರಿಗೆ ಆ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಶಬ್ದ ನಿಲ್ಲುವ ತನಕ ಗಾಳಿ ತುಂಬಿ, ಇನ್ನೂ 20 ಏರಿಸಿ, ನಿಧಾನಕ್ಕೆ ಬಿಟ್ಟರೆ ಶಬ್ದ ಮತ್ತೆ ಕೇಳುವ ಅಂಕಿಯೇ ಆ ನಾಳದ ಒತ್ತಡ.

ಕಾಲಿನದನ್ನು ತೋಳಿನದರಿಂದ ಭಾಗಿಸಬೇಕು. ಮೊನ್ನೆ ಒಬ್ಬ ಕಾಕಾಗೆ ತೋಳು 140, ಬಲಗಾಲಿನ ಎರಡು ನಾಡಿಯಲ್ಲಿ ಜಾಸ್ತಿ ಇದ್ದದ್ದು 98. ಅಲ್ಲಿಗೆ 0.70. 0.90 ಮತ್ತು ಅದರ ಕೆಳಗೆ ಬಂದರೆ ರಕ್ತನಾಳ ಕಟ್ಟುವ ರೋಗ ಇದೆ ಅಂತಲೇ, 1.00ರಿಂದ 1.40 ಸರಿ, ನಡುವಿನದು ಅನುಮಾನ. ಅವರ ಎಡಗಾಲು 132, ಅಂದರೆ 0.94. ಆದರೆ ಆ ಕಾಲೂ ನಡೆಯುವಾಗ ಹಿಡಿಯುತ್ತದೆ ಅಂತ ಅವರು ಮೊದಲೇ ಹೇಳಿದ್ದರು. ನನ್ನ ಹತ್ತಿರ ಟ್ರೆಡ್‌ಮಿಲ್ ಇಲ್ಲ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ ಅಂದೆ, 50 ಸಲ. 35ಕ್ಕೇ "ಸಾಕ್ರಿ" ಅಂದರು. ತಕ್ಷಣ ಮಲಗಿಸಿ ನೋಡಿದರೆ 132 ಇದ್ದದ್ದು 90. ದುಡಿದ ಮೇಲೆ ಒತ್ತಡ 30ಕ್ಕಿಂತ ಜಾಸ್ತಿ ಬಿದ್ದರೆ ಮೇಲೆಲ್ಲೋ ನಾಳ ಕಿರಿದಾಗಿದೆ ಅಂತ ಅರ್ಥ.

ಇಷ್ಟು ಕಲಿತ ಮೇಲೆ ನನಗೆ ಧೈರ್ಯ ಬಂದಿತ್ತು. ಆ ಧೈರ್ಯದಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಹದಿನೈದು ವರ್ಷದಿಂದ ಶುಗರ್ ಇದ್ದ ಒಬ್ಬ ಅಮ್ಮ ಬಂದಿದ್ದರು, ಕಾಲಿನ ಕಿರುಬೆರಳಲ್ಲಿ ಸಣ್ಣ ಗಾಯ. ತೋಳಿನಲ್ಲಿ 150. ಕಾಲಿನ ಪಟ್ಟಿಗೆ 240ರ ತನಕ ಗಾಳಿ ತುಂಬಿದರೂ ಶಬ್ದ ನಿಲ್ಲಲೇ ಇಲ್ಲ. ಭಾಗಿಸಿದರೆ 1.6. ಅಂಕಿ ದೊಡ್ಡದಿದೆ, ರಕ್ತ ಚೆನ್ನಾಗಿ ಹೋಗುತ್ತಿದೆ ಅಂದುಕೊಂಡು ಡ್ರೆಸಿಂಗ್ ಮಾಡಿ ಮನೆಗೆ ಕಳಿಸಿದೆ. ಮೂರು ವಾರಕ್ಕೆ ಬೆರಳು ಕಪ್ಪಾಗಿತ್ತು, ಅದನ್ನು ತೆಗೆಯಲೇಬೇಕಾಯಿತು. ಆ ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಆಗಿದ್ದು ಇಷ್ಟು. ಬಹಳ ವರ್ಷದ ಶುಗರ್ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ರಕ್ತನಾಳದ ಗೋಡೆಯೊಳಗೆ ಸುಣ್ಣ (ಕ್ಯಾಲ್ಸಿಯಂ) ಕೂಡುತ್ತದೆ. ನಾಳ ಕಬ್ಬಿಣದ ಪೈಪಿನ ಹಾಗೆ ಗಟ್ಟಿಯಾಗುತ್ತದೆ. ಪಟ್ಟಿ ಎಷ್ಟು ಹಿಂಡಿದರೂ ಅದು ಮುಚ್ಚುವುದಿಲ್ಲ, ಅಂಕಿ ಮಾತ್ರ ಏರುತ್ತದೆ, ಒಳಗೆ ರಕ್ತ ಹನಿ ಹನಿಯಾಗಿ ಹೋಗುತ್ತಿದ್ದರೂ ಸರಿ. ಇನ್ನೂ ಕೆಟ್ಟದ್ದು ಏನೆಂದರೆ ಕೆಲವರಲ್ಲಿ ಇದೇ ಕಾರಣಕ್ಕೆ ಅಂಕಿ 1.1, 1.2 ಅಂತ ಸರಿಯಾಗಿಯೇ ಕಾಣುತ್ತದೆ. ಆ ದಿನ ನಾನು ಅಂಕಿ ನೋಡಿದೆ, ಶಬ್ದ ಕೇಳಲಿಲ್ಲ. ಒಳ್ಳೆ ನಾಳ ಒಂದು ಬಡಿತಕ್ಕೆ ಮೂರು ಭಾಗವಾಗಿ, ಚುರುಕಾಗಿ ಕೇಳುತ್ತದೆ. ಆ ಅಮ್ಮನದು ಒಂದೇ ಉಸಿರಿನ, ಉದ್ದನೆಯ "ಹೂಶ್" ಆಗಿತ್ತು. ಕಿವಿಗೆ ಬಿದ್ದಿತ್ತು, ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈಗ ಶುಗರ್ ಇದ್ದವರಿಗೆ ಕಾಲಿನ ಹೆಬ್ಬೆರಳಿನ ಒತ್ತಡವನ್ನೂ ನೋಡುತ್ತೇನೆ. ಬೆರಳಿನ ಸಣ್ಣ ನಾಳಗಳಲ್ಲಿ ಸಾಮಾನ್ಯವಾಗಿ ಈ ಸುಣ್ಣ ಅಷ್ಟು ಕೂಡುವುದಿಲ್ಲ. ಬೆರಳಿಗೆ ಪುಟ್ಟ ಪಟ್ಟಿ, ತುದಿಗೆ ಬೆಳಕು ಬಿಟ್ಟು ಮಿಡಿತ ಹಿಡಿಯುವ ಸೆನ್ಸರ್. ತೋಳಿನದರಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ತೊಂದರೆ ಇದೆ. ಬೆರಳಿನ ಒತ್ತಡವೇ 30ಕ್ಕಿಂತ ಕೆಳಗಿದ್ದರೆ ಗಾಯ ಮಾಯುವುದು ಬಹಳ ಕಷ್ಟ, ಅಂಥವರನ್ನು ಅವತ್ತೇ ರಕ್ತನಾಳದ ಸರ್ಜನ್ ಹತ್ತಿರ ಕಳಿಸುತ್ತೇನೆ. ಇದರಲ್ಲಿ ಪಾದ ಬೆಚ್ಚಗಿರಬೇಕು. ನಮ್ಮ ಕಲಬುರಗಿ ಬೇಸಿಗೆಯಲ್ಲಿ ಪಾದ ತಣ್ಣಗಿರುವುದು ಹೇಗೆ ಅಂತೀರಾ? ಮೇ ತಿಂಗಳಲ್ಲಿ ಒಂದು ದಿನ ಸೆನ್ಸರಿನಲ್ಲಿ ಗೆರೆಯೇ ಏಳಲಿಲ್ಲ. ಮುಟ್ಟಿ ನೋಡಿದರೆ ಬೆರಳು ತಂಪು. ಮಂಚದ ಕಾಲಿನ ಕಡೆಗೇ ಕೂಲರ್ ತಿರುಗಿಸಿಟ್ಟಿದ್ದೆವು! ಅದನ್ನು ಬೇರೆ ಕಡೆ ತಿರುಗಿಸಿ, ಪಾದಕ್ಕೆ ಚಾದರ ಹೊದಿಸಿ ಹತ್ತು ನಿಮಿಷ ಬಿಟ್ಟ ಮೇಲೆ ಗೆರೆ ಬಂತು.

ಅಡಚಣೆ ಎಲ್ಲಿದೆ, ಎಷ್ಟಿದೆ ಅನ್ನುವುದಕ್ಕೆ ಡ್ಯೂಪ್ಲೆಕ್ಸ್ ಸ್ಕ್ಯಾನ್ (ನಾಳದ ಚಿತ್ರವನ್ನೂ ರಕ್ತದ ವೇಗವನ್ನೂ ತೋರಿಸುವ ಅಲ್ಟ್ರಾಸೌಂಡ್) ಬೇಕು. ಅದೂ ಸೂಜಿ ಇಲ್ಲದ್ದೇ. ಒಂದು ಜಾಗದಲ್ಲಿ ರಕ್ತದ ವೇಗ ಅದರ ಹಿಂದಿನ ಜಾಗಕ್ಕಿಂತ ಎರಡು ಪಟ್ಟು ಮೀರಿದರೆ ಅಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಿದೆ ಅಂತ ಲೆಕ್ಕ. ಅದಕ್ಕೆ ಕಳಿಸುವಾಗ ಚೀಟಿಯಲ್ಲಿ ಎಬಿಐ ಒಂದನ್ನೇ ಬರೆಯುವುದನ್ನು ಬಿಟ್ಟಿದ್ದೇನೆ. ಎರಡು ತೋಳು, ನಾಲ್ಕು ನಾಡಿ, ಹೆಬ್ಬೆರಳು, ಎಲ್ಲದರ ಅಂಕಿ ಬರೆದು, ಪಕ್ಕದಲ್ಲಿ ಪ್ರತಿ ನಾಡಿಯ ಶಬ್ದ ಹೇಗಿತ್ತು ಅಂತಲೂ ಬರೆಯುತ್ತೇನೆ.