ಚೈನೀಸ್ ರೆಸ್ಟೋರೆಂಟಿನ ದುಂಡು ಮೇಜು: ಕಾಯ್ದಿರಿಸುವುದರಿಂದ ಬಿಲ್ ಕಟ್ಟುವವರೆಗೆ

ಬೆಂಗಳೂರಿನಲ್ಲಿ ಬೆಳೆದ ಬಹುಪಾಲು ಜನರಿಗೆ ಚೈನೀಸ್ ಎಂದರೆ ಸಂಜೆಯಾಗುತ್ತಲೇ ಬೀದಿಯ ಮೂಲೆಯಲ್ಲಿ ಒಲೆ ಹೊತ್ತಿಕೊಳ್ಳುವ ಗೋಬಿ ಮಂಚೂರಿ ಗಾಡಿಯೇ. ಆ ಮಂಚೂರಿಯನ್ ಚೀನಾದ ತಿನಿಸಲ್ಲ. ಕೋಲ್ಕತ್ತ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನಲ್ಲಿ ಮಾಡಿದ ಚಿಕನ್ ಮಂಚೂರಿಯನ್ನೇ ಅದರ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದಾಗ ಊರೆಲ್ಲ ಅದೇ ಮಾತಾಗಿತ್ತೆಂದರೆ, ಅದು ಎಷ್ಟರಮಟ್ಟಿಗೆ ನಮ್ಮದೇ ತಿಂಡಿಯಾಗಿದೆ ಎಂಬುದು ತಿಳಿಯುತ್ತದೆ. ಆದರೆ ಇದೇ ಪರಿಚಯವನ್ನು ನೆಚ್ಚಿಕೊಂಡು ಎಂ.ಜಿ. ರಸ್ತೆಯ ಆಸುಪಾಸಿನ ಅಥವಾ ಪಂಚತಾರಾ ಹೋಟೆಲಿನೊಳಗಿನ ದುಬಾರಿ ಚೈನೀಸ್ ರೆಸ್ಟೋರೆಂಟಿಗೆ ಹೋದವರು ಮೆನು ತೆರೆದೊಡನೆ ಗಲಿಬಿಲಿಗೊಳ್ಳುತ್ತಾರೆ, ಕೊನೆಗೆ ಫ್ರೈಡ್ ರೈಸನ್ನೇ ಹೇಳಿ ಸಾವಿರಾರು ರೂಪಾಯಿ ತೆತ್ತು ಬರುತ್ತಾರೆ. ಅಪ್ಪನ ನಿವೃತ್ತಿಯ ನೆಪದಲ್ಲಿ ಮೊದಲ ಸಲ ಹೋದಾಗ ನಾನೂ ಹಾಗೆಯೇ ಮಾಡಿದ್ದೆ. ಆಮೇಲಿನ ಭೇಟಿಗಳಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹೊರಡುವ ಮುನ್ನ

ಮೊದಲು ದೂರವಾಣಿಯಲ್ಲಿ ಮೇಜು ಕಾಯ್ದಿರಿಸಿ. ಶನಿವಾರ ರಾತ್ರಿ ಮತ್ತು ಭಾನುವಾರ ಮಧ್ಯಾಹ್ನ ಕಾಯ್ದಿರಿಸದೆ ಹೋಗುವುದು ವ್ಯರ್ಥ. ಕರೆ ಮಾಡಿದಾಗಲೇ ಮೂರು ವಿಷಯ ಕೇಳಿಕೊಳ್ಳಿ: ನಡುವೆ ತಿರುಗುವ ತಟ್ಟೆಯಿರುವ ದುಂಡು ಮೇಜು ಸಿಗುತ್ತದೆಯೇ, ಪೀಕಿಂಗ್ ಬಾತುಕೋಳಿಯಂತಹ ಖಾದ್ಯವನ್ನು ಮುಂಚಿತವಾಗಿ ಹೇಳಬೇಕೇ, ಮತ್ತು ಉಡುಪಿನ ನಿಯಮವೇನಾದರೂ ಇದೆಯೇ. ಬಾತುಕೋಳಿಯ ಚರ್ಮವನ್ನು ಒಣಗಿಸಿ ಹುರಿಯಲು ಬಹಳ ಹೊತ್ತು ಬೇಕಾದ್ದರಿಂದ ಹಲವು ಕಡೆ ಹಿಂದಿನ ದಿನವೇ ತಿಳಿಸಬೇಕಾಗುತ್ತದೆ. ಉಡುಪಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಗಂಡಸರು ಚಡ್ಡಿ ಮತ್ತು ಹವಾಯಿ ಚಪ್ಪಲಿ ಬಿಟ್ಟರೆ ಸಾಕು.

ಮೊದಲ ಸಲ ಹೋಗುವವರು ರಾತ್ರಿಯ ಬದಲು ಮಧ್ಯಾಹ್ನ ಹೋಗುವುದು ಒಳ್ಳೆಯದೆಂಬುದು ನನ್ನ ಅನುಭವ. ಕೆಲವು ಕಡೆ ಮಧ್ಯಾಹ್ನದ ಊಟಕ್ಕೆ ನಿಗದಿತ ಬೆಲೆಯ ಮೆನು ಇರುತ್ತದೆ, ಬಡಿಸುವವರಿಗೆ ವಿವರಿಸಲು ಪುರುಸೊತ್ತಿರುತ್ತದೆ. ಅಲ್ಲದೆ ಡಿಮ್ ಸಮ್ ಎಂಬ ಹಬೆಯ ತಿನಿಸುಗಳನ್ನು ಚಹಾದೊಂದಿಗೆ ಬೆಳಗು–ಮಧ್ಯಾಹ್ನಗಳಲ್ಲಿ ತಿನ್ನುವುದೇ ದಕ್ಷಿಣ ಚೀನಾದ ಕ್ಯಾಂಟನೀಸರ ರೂಢಿ.

ಕುಳಿತ ಮೇಲೆ, ಚಹಾದಿಂದ ಆರಂಭ

ನೀರು ಯಾವುದು ಬೇಕೆಂದು ಕೇಳಿದಾಗ ಸಂಕೋಚದಿಂದ ದುಬಾರಿ ಬಾಟಲಿಗೆ ಒಪ್ಪಬೇಕಾಗಿಲ್ಲ, ಸಾಮಾನ್ಯ ಕುಡಿಯುವ ನೀರು ಸಾಕೆಂದು ಹೇಳಬಹುದು. ಚಹಾ ಮಾತ್ರ ತರಿಸಿಕೊಳ್ಳಿ. ಮಲ್ಲಿಗೆ ಚಹಾ ಹಗುರ, ಊಲಾಂಗ್ ಮಧ್ಯಮ, ಪು–ಅರ್ ಗಾಢ. ಹಾಲು, ಸಕ್ಕರೆ ಇಲ್ಲದ ಈ ಚಹಾ ನಮ್ಮ ಗಟ್ಟಿ ಚಹಾದ ನಾಲಿಗೆಗೆ ಮೊದಲು ಸಪ್ಪೆಯೆನಿಸಿದರೂ ಜಿಡ್ಡಿನ ತುತ್ತುಗಳ ನಡುವೆ ಬಾಯನ್ನು ತೊಳೆದಂತೆ ಮಾಡುತ್ತದೆ. ಬೇರೆಯವರ ಬಟ್ಟಲಿಗೆ ಮೊದಲು ಸುರಿದು ತನ್ನದಕ್ಕೆ ಕೊನೆಗೆ ಸುರಿದುಕೊಳ್ಳುವುದು ಕ್ರಮ. ಯಾರಾದರೂ ನಮಗೆ ಸುರಿದಾಗ ಎರಡು ಬೆರಳುಗಳಿಂದ ಮೇಜನ್ನು ಮೆಲ್ಲಗೆ ತಟ್ಟುವುದು ಕ್ಯಾಂಟನೀಸರ ಧನ್ಯವಾದ. ಪಾತ್ರೆ ಬರಿದಾದರೆ ಮುಚ್ಚಳವನ್ನು ಓರೆಯಾಗಿ ಇಟ್ಟರೆ ಬಿಸಿನೀರು ತುಂಬಿಸಿ ಎಂದರ್ಥ. ಬೆಂಗಳೂರಿನಲ್ಲಿ ಈ ಸಂಜ್ಞೆ ಎಲ್ಲ ವೇಟರುಗಳಿಗೂ ಗೊತ್ತಿರುತ್ತದೆಂದು ನಂಬಿ ಕೂರಬೇಡಿ, ಕರೆದು ಹೇಳಿ.

ಆರ್ಡರ್ ಮಾಡುವುದು ಮೇಜಿಗೆ, ತಲೆಗೊಂದರಂತಲ್ಲ

ಇಡೀ ಊಟ ಕೆಡುವುದೂ ಕುದುರುವುದೂ ಈ ಹಂತದಲ್ಲೇ. ದರ್ಶಿನಿಯಲ್ಲಿ ನನಗೊಂದು ಮಸಾಲೆ, ನಿನಗೊಂದು ಸೆಟ್ ದೋಸೆ ಎಂದು ಹೇಳುವ ಅಭ್ಯಾಸವನ್ನು ಇಲ್ಲಿಗೆ ತಂದರೆ ಪ್ರತಿಯೊಬ್ಬರ ಮುಂದೆಯೂ ಒಂದೊಂದು ದೊಡ್ಡ ತಟ್ಟೆ ನೂಡಲ್ಸ್ ಬಂದು ಕೂರುತ್ತದೆ, ಅರ್ಧಕ್ಕೇ ಬೇಸರ ಬರುತ್ತದೆ. ಚೀನೀ ಮೇಜನ್ನು ಮದುವೆ ಊಟದ ಬಾಳೆ ಎಲೆಯಂತೆ ಕಾಣಬೇಕು. ಎಲೆಯ ಮೇಲೆ ಕೋಸಂಬರಿಯ ತಂಪು, ಗೊಜ್ಜಿನ ಹುಳಿ–ಸಿಹಿ, ಹಪ್ಪಳದ ಗರಿಗರಿ, ಸಾರಿನ ತಿಳಿ ಒಂದಕ್ಕೊಂದು ಒದಗಿ ಬರುವಂತೆ ಇಲ್ಲಿಯೂ ಹಬೆಯಲ್ಲಿ ಬೆಂದದ್ದೊಂದು, ಗರಿಗರಿಯಾದದ್ದೊಂದು, ದೊಡ್ಡ ಉರಿಯಲ್ಲಿ ಬಾಡಿಸಿದ್ದೊಂದು, ಸಾಸ್‌ನಲ್ಲಿ ನಿಧಾನವಾಗಿ ಬೆಂದದ್ದೊಂದು, ಸೊಪ್ಪಿನದೊಂದು ಇರಬೇಕು.

ನಾಲ್ವರಿದ್ದರೆ ಎರಡು ಬುಟ್ಟಿ ಡಿಮ್ ಸಮ್, ಒಂದು ಗರಿಗರಿ ತಿನಿಸು, ಎರಡು ಮುಖ್ಯ ಖಾದ್ಯ, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಪಾಕ್ ಚಾಯ್‌ನಂತಹ ಒಂದು ಸೊಪ್ಪು, ಒಂದು ಅನ್ನ ಅಥವಾ ನೂಡಲ್ಸ್ ಧಾರಾಳವಾಗಿ ಸಾಲುತ್ತದೆ. ಸೂಪನ್ನು ನಮ್ಮ ಬೈ ಟು ಕಾಫಿಯಂತೆ ಬೈ ಟು ಕೇಳಬಹುದು. ಹೆಚ್ಚಿನ ಕಡೆ ಮುಖ ಸಿಂಡರಿಸದೆ ಎರಡು ಬಟ್ಟಲಲ್ಲಿ ಹಂಚಿ ತರುತ್ತಾರೆ. ಒಂದು ಬುಟ್ಟಿಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ತುಂಡು ಇರುವುದರಿಂದ, ಮೂರು ತುಂಡಿಗೆ ನಾಲ್ವರು ಮುಖ ನೋಡಿಕೊಳ್ಳುವ ಪರಿಸ್ಥಿತಿ ಬಾರದಂತೆ ಮೊದಲೇ ಎಣಿಕೆ ಕೇಳಿ.

ಖಾರದ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಕೆಂಪು ಶೆಜ್ವಾನ್ ಚಟ್ನಿಗೂ ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಗೂ ಹೆಸರಿನ ನಂಟಷ್ಟೇ. ಅಲ್ಲಿನ ರುಚಿಯನ್ನು ಮಾ–ಲಾ ಎನ್ನುತ್ತಾರೆ. ಮಾ ಎಂದರೆ ಜೋಮು, ಲಾ ಎಂದರೆ ಖಾರ. ಆ ಜೋಮು ಬರುವುದು ಸಿಚುವಾನ್ ಮೆಣಸಿನಲ್ಲಿರುವ ಸ್ಯಾನ್‌ಶೂಲ್ ಎಂಬ ರಾಸಾಯನಿಕದಿಂದ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಹಾಕುವ ತಿರ್ಫಳ ಇದರ ಹತ್ತಿರದ ಬಂಧು. ಅದನ್ನು ಉಂಡವರಿಗೆ ನಾಲಿಗೆ ಜುಮ್ಮೆನ್ನುವುದು ಹೊಸದಲ್ಲ. ಉಳಿದವರು ಗಾಬರಿಗೊಂಡು ನೀರು ಕುಡಿಯುವ ಬದಲು ಒಂದು ತುತ್ತು ಬಿಳಿ ಅನ್ನ ತಿನ್ನುವುದು ಮೇಲು. ತಟ್ಟೆಯ ತುಂಬ ಹರಡಿರುವ ಒಣಮೆಣಸಿನಕಾಯಿಗಳು ಘಮಕ್ಕಾಗಿ ಇರುವಂಥವು, ಅವನ್ನು ಬದಿಗೆ ಸರಿಸಬೇಕು.

ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆಗಳು

ಬರೀ ವೆಜ್ ಎಂದು ಹೇಳಿದರೆ ಸಾಲದು. ಸೊಪ್ಪಿನ ಖಾದ್ಯಕ್ಕೆ ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸ್ ಹಾಕುತ್ತಾರೆಯೇ, ಸೂಪಿನ ತಿಳಿ ಕೋಳಿಯದೋ ತರಕಾರಿಯದೋ, ನೂಡಲ್ಸ್‌ನಲ್ಲಿ ಮೊಟ್ಟೆಯಿದೆಯೇ, ಬಾಣಲೆ ಬೇರೆಯೇ ಎಂದು ಒಂದೊಂದಾಗಿ ಕೇಳಿ. ಎಕ್ಸ್‌ಒ ಸಾಸ್ ಎಂದಿದ್ದರೆ ಅದರಲ್ಲಿ ಒಣ ಸೀಗಡಿ ಇರುತ್ತದೆ. ಮಾಪೊ ತೋಫು ಹೆಸರಿನಲ್ಲಿ ತೋಫು ಇದ್ದರೂ ಅದರ ಮೂಲರೂಪದಲ್ಲಿ ಕೊಚ್ಚಿದ ಮಾಂಸವಿದೆ. ಅಡುಗೆಗೆ ಅಕ್ಕಿಯ ಮದ್ಯ ಬಳಸುವುದೂ ಚೀನೀ ಪದ್ಧತಿಯೇ; ಬೇಡದವರು ಮೊದಲೇ ತಿಳಿಸಬೇಕು. ಶೇಂಗಾ, ಎಳ್ಳು, ಸೋಯಾ ಒಗ್ಗದವರಿಗೆ ಈ ವಿಚಾರಣೆ ಇನ್ನೂ ಅಗತ್ಯ. ನನ್ನ ಅತ್ತೆಯವರು ಇಷ್ಟನ್ನೂ ಕೇಳಿದ ಮೇಲೆ ಬಾಣಸಿಗರೇ ಹೊರಬಂದು ಅವರಿಗೆ ಬೇರೆ ಬಾಣಲೆಯಲ್ಲಿ ಬದನೆಕಾಯಿ ಮಾಡಿಕೊಟ್ಟರು, ಅಂದು ಮೇಜಿನ ಮೇಲೆ ಮೊದಲು ಖಾಲಿಯಾದದ್ದೂ ಅದೇ ತಟ್ಟೆ.

ತಿನ್ನುವ ಬಗೆ

ಚಾಪ್‌ಸ್ಟಿಕ್ ಹಿಡಿಯುವಾಗ ಕೆಳಗಿನ ಕಡ್ಡಿ ಹೆಬ್ಬೆರಳಿನ ಬುಡದಲ್ಲೂ ಉಂಗುರ ಬೆರಳಿನ ಮೇಲೂ ಅಲುಗದೆ ಕೂರಬೇಕು. ಮೇಲಿನ ಕಡ್ಡಿಯನ್ನು ಪೆನ್ಸಿಲ್ ಹಿಡಿದಂತೆ ಹಿಡಿದು ಅದನ್ನಷ್ಟೇ ಆಡಿಸಬೇಕು. ಬಾರದಿದ್ದರೆ ಫೋರ್ಕ್ ಕೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಮಾತ್ರ ಇಡಬೇಡಿ. ಸತ್ತವರ ಮುಂದೆ ಊದುಬತ್ತಿ ನೆಟ್ಟಂತೆ ಕಾಣುವುದರಿಂದ ಚೀನೀಯರು ಅದನ್ನು ಅಶುಭವೆಂದು ಭಾವಿಸುತ್ತಾರೆ. ತಿರುಗುವ ತಟ್ಟೆಯನ್ನು ಮತ್ತೊಬ್ಬರು ಬಡಿಸಿಕೊಳ್ಳುತ್ತಿರುವಾಗ ತಿರುಗಿಸಬಾರದು.

ಷಿಯಾವ್ ಲಾಂಗ್ ಬಾವ್ ಎಂಬ ಸೂಪು ತುಂಬಿದ ಕಡುಬನ್ನು ಆರ್ಡರ್ ಮಾಡಿದ್ದರೆ ಸ್ವಲ್ಪ ತಾಳ್ಮೆ ಬೇಕು. ಹೆಪ್ಪುಗಟ್ಟಿಸಿದ ಮಾಂಸದ ಸಾರನ್ನು ಹೂರಣದೊಂದಿಗೆ ಸೇರಿಸಿ ಮುಚ್ಚಿ ಹಬೆಗಿಟ್ಟಾಗ ಅದು ಒಳಗೇ ಕರಗಿ ಸೂಪಾಗುತ್ತದೆ. ನೆತ್ತಿಯ ನೆರಿಗೆಯನ್ನು ಹಿಡಿದು ಮೆಲ್ಲಗೆ ಎತ್ತಿ ಚಮಚದಲ್ಲಿಡಿ, ಬದಿಯಲ್ಲಿ ಸಣ್ಣದಾಗಿ ಕಚ್ಚಿ ಹಬೆ ಹೊರಬಿಡಿ, ಸೂಪನ್ನು ಹೀರಿ, ಆಮೇಲೆ ಉಳಿದದ್ದನ್ನು ಬಾಯಿಗಿಡಿ. ಇಡಿಯಾಗಿ ಬಾಯಿಗೆ ಹಾಕಿಕೊಂಡವರ ನಾಲಿಗೆ ಸುಟ್ಟು ಎರಡು ದಿನ ಯಾವ ರುಚಿಯನ್ನೂ ಹೇಳುವುದಿಲ್ಲ.

ಹಬೆಯ ಬನ್ನಿನ ತಳಕ್ಕೆ ಅಂಟಿರುವ ಕಾಗದವನ್ನು ಸುಲಿದು ತೆಗೆಯಬೇಕೆಂಬುದನ್ನು ನಾನು ಅದನ್ನು ಅರ್ಧ ಅಗಿದ ಮೇಲೆ ಕಲಿತೆ. ಅದೇ ಮೇಜಿನಲ್ಲಿ, ತೀರ್ಥಹಳ್ಳಿಯಿಂದಾಚೆ ಹೋಟೆಲ್ ಊಟ ಹೆಚ್ಚು ಮಾಡಿರದ ಅಪ್ಪ, ತಾವರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟು ಅನ್ನ ಬಂದಾಗ ಯಾರನ್ನೂ ಕೇಳಲಿಲ್ಲ. ಅರಿಶಿನ ಎಲೆಯ ಕಡುಬನ್ನು ಬಿಡಿಸುವಂತೆಯೇ ಎಲೆಯನ್ನು ಅಂಚಿನಿಂದ ಬಿಡಿಸಿ, ಮೂಸಿ ನೋಡಿ, ಅನ್ನವನ್ನಷ್ಟೇ ತಿಂದು ಎಲೆಯನ್ನು ಮಡಚಿ ಬದಿಗಿಟ್ಟರು.

ಬಿಲ್ ಬಂದಾಗ

ಮೆನುವಿನ ಬೆಲೆಗೆ ಸಾಮಾನ್ಯವಾಗಿ ತೆರಿಗೆ ಸೇರಿರುವುದಿಲ್ಲ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5. ಕೋಣೆಯ ದಿನದ ಬಾಡಿಗೆ 7,500 ರೂಪಾಯಿ ಮೀರುವ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಶೇ 18. ಅಂದರೆ 5,000 ರೂಪಾಯಿ ಊಟಕ್ಕೆ ಒಂದು ಕಡೆ 250, ಇನ್ನೊಂದು ಕಡೆ 900 ರೂಪಾಯಿ ತೆರಿಗೆ ಬೀಳುತ್ತದೆ. ಸೇವಾ ಶುಲ್ಕದ ಸಾಲನ್ನು ಕಣ್ಣಿಟ್ಟು ನೋಡಿ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಮೆತ್ತಗೆ ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮೆಚ್ಚುಗೆಯಾದರೆ ಭಕ್ಷೀಸನ್ನು ಬಡಿಸಿದವರ ಕೈಗೇ ಕೊಡುವುದು ನನ್ನ ಪದ್ಧತಿ.

ಉಳಿದದ್ದನ್ನು ಪಾರ್ಸೆಲ್ ಕಟ್ಟಿಸಿಕೊಳ್ಳಲು ಹಿಂಜರಿಯಬೇಡಿ. ಸಾಸ್‌ನಲ್ಲಿ ಬೆಂದ ಖಾದ್ಯಗಳು ಫ್ರಿಜ್‌ನಲ್ಲಿಟ್ಟರೆ ಮರುದಿನ ಇನ್ನೂ ರುಚಿ, ಗರಿಗರಿಯಾದವು ಚರ್ಮದಂತಾಗುತ್ತವೆ. ಡಿಮ್ ಸಮ್ಮನ್ನು ಮೈಕ್ರೋವೇವ್‌ಗೆ ಹಾಕಿದರೆ ಅಂಚು ಒಣಗಿ ಗಟ್ಟಿಯಾಗುತ್ತದೆ. ಇಡ್ಲಿ ತಟ್ಟೆಗೆ ಒಂದು ಎಲೆಕೋಸಿನ ಎಲೆ ಹಾಸಿ, ಅದರ ಮೇಲಿಟ್ಟು ಐದು ನಿಮಿಷ ಹಬೆ ಕೊಡಿ.